ಇನ್ನೂ ಅಷ್ಟೇನೂ ಚಳಿಯಿಲ್ಲ

ಮೈಸೂರಿನ ಮನೆಗಳಲ್ಲಿ ಕೋಣೆಯನ್ನು ಬೆಚ್ಚಗಿಡುವ ಏರ್ಪಾಡು ಇರುವುದಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಈ ಊರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.7 ಡಿಗ್ರಿ, ಅದೂ 2012ರ ಜನವರಿ 16ರಂದು. ಉಳಿದ ವರ್ಷಗಳಲ್ಲಿ ನಮ್ಮದು ಒಂದು ಸ್ವೆಟರು, ಕಿವಿಗೊಂದು ಮಫ್ಲರು, ಎರಡನೇ ಲೋಟ ಕಾಫಿ, ಇಷ್ಟರಲ್ಲಿ ಮುಗಿದುಹೋಗುವ ಚಳಿ. ಹಾಗಾಗಿ ವಿದೇಶದಲ್ಲಿರುವ ನೆಂಟರು ಅಕ್ಟೋಬರ್ ಕೊನೆಯಲ್ಲಿ ಫೋನು ಮಾಡಿ, "ನಾವಿನ್ನೂ ಹೀಟರ್ ಹಾಕಿಲ್ಲ, ನೋಡೋಣ ಅಂತ ತಡೆದಿದ್ದೀವಿ" ಎಂದು ಒಂದಿಷ್ಟು ಹೆಮ್ಮೆಯಿಂದಲೇ ಹೇಳುವಾಗ, ಅದಕ್ಕೆ ಸರಿಸಮವಾದದ್ದು ನಮ್ಮಲ್ಲಿ ಏನಿದೆ ಎಂದು ಹುಡುಕಿದರೆ ಅದು ಸಿಗುವುದು ಬಚ್ಚಲುಮನೆಯ ಹೊರಗೋಡೆಯ ಮೇಲೆ. ಗೀಸರಿನ ಸ್ವಿಚ್ಚು.

ನಾವಿರುವುದು ದಟ್ಟಗಳ್ಳಿಯಲ್ಲಿ. ಹಳ್ಳಿಯ ಹೆಸರನ್ನು ಹಾಗೇ ಉಳಿಸಿಕೊಂಡು ಬಡಾವಣೆಯಾದ ಜಾಗ; ಒಂದು ಮಗ್ಗುಲಿಗೆ ಕುವೆಂಪುನಗರ, ರಾಮಕೃಷ್ಣನಗರ, ಇನ್ನೊಂದು ಮಗ್ಗುಲಿಗೆ ರಿಂಗ್ ರೋಡು. ನಮ್ಮ ಬೀದಿಯ ಯಾವ ಟೆರೇಸಿನ ಮೇಲೆ ನಿಂತರೂ ಕಾಣುವುದು ಒಂದೇ ನೋಟ: ಕರಿಯ ಸಿಂಟೆಕ್ಸ್ ಟ್ಯಾಂಕು, ಪಕ್ಕದಲ್ಲಿ ಇಳಿಜಾರಾಗಿ ಮಲಗಿದ ಗಾಜಿನ ಕೊಳವೆಗಳು, ಅವುಗಳ ತಲೆಯ ಮೇಲೆ ಸೋಲಾರಿನ ಉರುಳೆ ಟ್ಯಾಂಕು, ಬಹಳ ದೂರದಲ್ಲಿ ಚಾಮುಂಡಿ ಬೆಟ್ಟ. ವರ್ಷದಲ್ಲಿ ಎಂಟೊಂಬತ್ತು ತಿಂಗಳು ಈ ಸೋಲಾರು ಯಾರನ್ನೂ ಏನೂ ಕೇಳದೆ ನೀರು ಕಾಯಿಸಿಕೊಡುತ್ತದೆ. ನೈತಿಕ ಪ್ರಶ್ನೆಗಳು ಏಳುವುದು ಮೋಡ ಮುಚ್ಚಿದಾಗ. ಮಳೆಗಾಲದಲ್ಲೂ ಮೋಡ ಇರುತ್ತದೆ ನಿಜ, ಆದರೆ ಆಗ ನಲ್ಲಿಯ ನೀರು ಇಷ್ಟು ಕೊರೆಯುವುದಿಲ್ಲ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ದಟ್ಟಗಳ್ಳಿಯ ಬಚ್ಚಲುಗಳಲ್ಲಿ ನೀರು ತಣ್ಣಗಾಗುತ್ತದೆ. 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿದಾಗ ಹೀಗೇ ಆಗಿತ್ತು. ಈ ಸಲವೂ ಕಾರ್ತಿಕ ಕಳೆದ ಹಾಗೆ ಒಂದು ವಾರ ಸೂರ್ಯ ಸರಿಯಾಗಿ ಮುಖ ತೋರಿಸಲಿಲ್ಲ. ಸೋಲಾರಿನ ನಲ್ಲಿಯಲ್ಲಿ ಬಂದದ್ದು ಬಿಸಿಯೂ ಅಲ್ಲದ, ತಣ್ಣಗೂ ಅಲ್ಲ ಎಂದು ವಾದಿಸಬಹುದಾದ ನೀರು.

ಇಂಥ ದಿನಗಳಿಗೆಂದೇ ಗೀಸರ್ ಇದೆ. ಆದರೆ ನಮ್ಮ ಮನೆಯಲ್ಲಿ, ನಾನು ಕೇಳಿ ತಿಳಿದ ಮಟ್ಟಿಗೆ ಬೀದಿಯ ಅರ್ಧ ಮನೆಗಳಲ್ಲಿ, ಮೊದಲ ಚಳಿಗೆ ಯಾರೂ ಅದನ್ನು ಹಾಕುವುದಿಲ್ಲ. ಅದರ ಬದಲು ಒಂದು ವಾಕ್ಯ ಹೇಳುತ್ತಾರೆ. "ಇನ್ನೂ ಅಷ್ಟೇನೂ ಚಳಿಯಿಲ್ಲ." ನಮ್ಮಲ್ಲಿ ಈ ವಾಕ್ಯ ಮಾವನವರದು. ನಿವೃತ್ತ ಮೇಷ್ಟರು, ಎಪ್ಪತ್ತೆಂಟು ವರ್ಷ, ಹುಣಸೂರಿನ ಕಡೆಯವರು. ದೀಪಾವಳಿ ಮುಗಿದ ಮೇಲೆ "ಕಾರ್ತಿಕ ಕಳೀಲಿ" ಎನ್ನುತ್ತಾರೆ. ಕಾರ್ತಿಕ ಕಳೆದರೆ "ಧನುರ್ಮಾಸ ಬರಲಿ".

ಗೀಸರ್ ಇದೆ, ಅದರ ಕರೆಂಟಿಗೆ ಕೊಡುವ ದುಡ್ಡೂ ಇದೆ, ಚಳಿಯಂತೂ ಇದ್ದೇ ಇದೆ. ಹಾಗಿದ್ದೂ ಸ್ವಿಚ್ಚು ಒತ್ತದೆ ನಾವು ಉಳಿಸುತ್ತಿರುವುದು ಏನನ್ನು? ಇದನ್ನು ನಾನು ತಮಾಷೆಯಾಗಿ ಯೋಚಿಸಲು ಶುರುಮಾಡಿದೆ. ಆಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ.

ದುಡ್ಡೇ ಕಾರಣ ಎಂದು ಮೊದಲು ಅನಿಸುತ್ತದೆ. ಲೆಕ್ಕ ಹಾಕಿ ನೋಡಿದೆ. ಇಪ್ಪತ್ತು ಲೀಟರು ನೀರನ್ನು ಇಪ್ಪತ್ತು ಡಿಗ್ರಿಯಿಂದ ನಲವತ್ತಕ್ಕೆ ಏರಿಸಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಕರೆಂಟು ಬೇಕು. ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಎಂದಿಟ್ಟುಕೊಂಡರೆ ಒಬ್ಬರ ಸ್ನಾನಕ್ಕೆ ಮೂರು ರೂಪಾಯಿ. ನಮ್ಮ ಮನೆಯ ನಾಲ್ಕು ಜನಕ್ಕೆ ದಿನಕ್ಕೆ ಹನ್ನೆರಡು. ಮಾವನವರು ಇದಕ್ಕಿಂತ ಹೆಚ್ಚು ದುಡ್ಡನ್ನು ದಿನಾ ಬೀದಿನಾಯಿಗಳ ಬಿಸ್ಕತ್ತಿಗೆ ಖರ್ಚು ಮಾಡುತ್ತಾರೆ. ಆದ್ದರಿಂದ ಅವರನ್ನು ಜುಗ್ಗ ಎನ್ನುವಂತಿಲ್ಲ.

ಆದರೆ ದುಡ್ಡಿನ ವಿಷಯಕ್ಕೆ ಇನ್ನೊಂದು ಸುತ್ತು ಇದೆ. 2023ರಲ್ಲಿ ಗೃಹಜ್ಯೋತಿ ಬಂತಲ್ಲ, ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂದು ನಾವೆಲ್ಲ ಹೇಳುವುದು, ಅದು ನಿಜವಾಗಿ ಹಾಗಿಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದರ ಮೇಲೆ ಶೇಕಡ 10 ಸೇರಿಸಿ ನಿಮ್ಮ ಮಿತಿ ಗೊತ್ತುಮಾಡಿದರು. ಮಿತಿ ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. (ತೀರಾ ಕಡಿಮೆ ಬಳಸುತ್ತಿದ್ದ, 48 ಯೂನಿಟ್ಟಿನ ಒಳಗಿನ ಮನೆಗಳಿಗೆ ಮುಂದೆ, 2024ರ ಜನವರಿಯಲ್ಲಿ, ಶೇಕಡ 10ರ ಬದಲು 10 ಯೂನಿಟ್ ಸೇರಿಸಿಕೊಡಲು ತೀರ್ಮಾನವಾಯಿತು. ಲೆಕ್ಕದ ಈ ವಕ್ರತೆ ಯಾರಿಗೋ ಹೊಳೆದಿರಬೇಕು.) ನಮ್ಮ ಮನೆಯ ಸರಾಸರಿ 91 ಇತ್ತು, ಮಿತಿ 100 ಆಯಿತು. ಎದುರು ಮನೆಯವರದು 170 ಇತ್ತು, ಅವರಿಗೆ 187. ಅಂದರೆ ಒಂದು ವರ್ಷ ಕಾಲ ದೀಪ ಆರಿಸುತ್ತ, ಫ್ಯಾನು ನಿಲ್ಲಿಸುತ್ತ, ಗೀಸರನ್ನು ಮುಂದೂಡುತ್ತ ಬಂದವನಿಗೆ ಕಡಿಮೆ ಉಚಿತ. ಧಾರಾಳವಾಗಿ ಉರಿಸಿದವನಿಗೆ ಜಾಸ್ತಿ. ಯೋಜನೆ ಮಾಡಿದವರಿಗೂ ಅವರದೇ ತರ್ಕವಿತ್ತು, ಯಾರೂ ಉಚಿತವೆಂದು ಬಳಕೆ ಏರಿಸಬಾರದು ಎನ್ನುವುದು. ಅದು ಅರ್ಥವಾಗುತ್ತದೆ. ಆದರೂ ಆ ಕಾಗದವನ್ನು ಕೈಯಲ್ಲಿ ಹಿಡಿದು ಮಾವನವರು ಬಹಳ ಹೊತ್ತು ಕೂತಿದ್ದರು. ಮಿತವಾಗಿದ್ದವನಿಗೆ ಮಿತಿ ಎಂದಷ್ಟೇ ಹೇಳಿದರು.

ಅಂದು ನನಗೆ ಕುತೂಹಲವಾದದ್ದು ಅವರು ಮುಂದೆ ಏನು ಮಾಡುತ್ತಾರೆ ಎನ್ನುವುದು. ಮಿತವ್ಯಯಕ್ಕೆ ಲೋಕದಲ್ಲಿ ಬಹುಮಾನವಿಲ್ಲ, ಬದಲಿಗೆ ದಂಡವಿದೆ ಎಂದು ಸರ್ಕಾರದ ಕಾಗದವೇ ಹೇಳಿದ ಮೇಲೂ ಅದನ್ನು ಮುಂದುವರಿಸಿದರೆ, ಅದು ಲಾಭಕ್ಕಾಗಿ ಮಾಡಿದ್ದಲ್ಲ ಎಂದಾಯಿತಲ್ಲ. ಮುಂದುವರಿಸಿದರು. ನನ್ನ ಕಣ್ಣಲ್ಲಿ ಅವರು ಒಂದು ಮೆಟ್ಟಿಲು ಮೇಲೇರಿದರು. ಆದರೆ ಮಾತು ಅಷ್ಟು ಸರಳವೂ ಅಲ್ಲ. 100ರ ಒಳಗಿದ್ದರೆ ಬಿಲ್ಲಿನಲ್ಲಿ ಸೊನ್ನೆ ಬರುತ್ತದೆ. ಇನ್ನೂರು ರೂಪಾಯಿ ಮತ್ತು ನಾನೂರು ರೂಪಾಯಿಯ ನಡುವಿನ ವ್ಯತ್ಯಾಸ ಒಂದು ಬಗೆಯದು, ಸೊನ್ನೆ ಮತ್ತು ಇನ್ನೂರರ ನಡುವಿನದು ಬೇರೆಯೇ ಬಗೆಯದು. ಸೊನ್ನೆಗೆ ಒಂದು ಮಡಿ ಇದೆ. ಅದನ್ನು ಮುಟ್ಟಿಸಿಕೊಳ್ಳಬಾರದು ಅನಿಸುತ್ತದೆ.

ಹಾಗೆಂದು ಮುಂದೂಡುವುದರಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳಲಾರೆ. ರೂಢಿಯ ಮಾತು ತಳ್ಳಿಹಾಕುವಂಥದ್ದಲ್ಲ. ಒಂದು ದಿನ ಬಿಸಿನೀರಿನಲ್ಲಿ ಮಿಂದರೆ ಮರುದಿನ ತಣ್ಣೀರು ಇನ್ನಷ್ಟು ತಣ್ಣಗಾಗುತ್ತದೆ; ಇದು ನೀರಿನ ಗುಣವಲ್ಲ, ನಮ್ಮದು. ಸುಖದ ಮಟ್ಟ ಒಮ್ಮೆ ಏರಿದರೆ ಇಳಿಯುವುದು ಕಷ್ಟ, ಆದ್ದರಿಂದ ಏರುವುದನ್ನೇ ನಿಧಾನಿಸೋಣ ಎನ್ನುವವನಲ್ಲಿ ವಿವೇಕವಿದೆ. ಋತು ಬದಲಾದದ್ದನ್ನು ಮೈ ಗಮನಿಸುವುದೂ ಹೀಗೆ ತಡೆದಾಗಲೇ. ಹದಿನೈದು ದಿನ ತಡೆದು ಆಮೇಲೆ ಮೈಮೇಲೆ ಹುಯ್ದುಕೊಂಡ ಮೊದಲ ಚೊಂಬು ಬಿಸಿನೀರಿನ ಸುಖ, ಎಂದೂ ತಡೆಯದವನಿಗೆ ಸಿಕ್ಕುವಂಥದ್ದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಕಲಿತಿದ್ದೇವೆ. ಹಾಸಿಗೆ ಉದ್ದವಿದ್ದೂ ಕಾಲು ಮಡಚಿಕೊಂಡವನ ಬಗ್ಗೆ ಗಾದೆ ಏನೂ ಹೇಳುವುದಿಲ್ಲ. ಅವನು ಜಾಣನೋ, ಜಂಬದವನೋ, ಅಥವಾ ಪಕ್ಕದಲ್ಲಿ ಮಲಗಿದವರಿಗೆ ಜಾಗ ಬಿಟ್ಟವನೋ, ನೋಡಿದವರೇ ತೀರ್ಮಾನಿಸಬೇಕು.

ತಡೆದುಕೊಳ್ಳುವುದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಒಳ್ಳೆಯ ಹೆಸರಿದೆ: ತಿತಿಕ್ಷೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಶೀತೋಷ್ಣಗಳು ಬಂದು ಹೋಗುವಂಥವು, ಅವನ್ನು ಸಹಿಸಿಕೋ ಎನ್ನುತ್ತಾನೆ. ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿ ಇದನ್ನು ಇನ್ನೂ ಬಿಗಿಮಾಡಿ, ಬಂದ ದುಃಖಕ್ಕೆ ಪ್ರತೀಕಾರ ಹುಡುಕದೆ ಸಹಿಸುವುದು ತಿತಿಕ್ಷೆ ಎಂದು ಹೇಳುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ; ಚಿಂತೆಯೂ ಇರಬಾರದು, ಗೋಳಾಟವೂ ಇರಬಾರದು ಎಂದು ಎರಡು ಷರತ್ತು ಹಾಕುತ್ತದೆ. ಗೀಸರ್ ಹಾಕದೆ ಸಹಿಸುವವರು ಮೊದಲ ಭಾಗವನ್ನು ಚೆನ್ನಾಗಿ ಪಾಲಿಸುತ್ತಾರೆ. ಆದರೆ ಸ್ನಾನ ಮುಗಿಸಿ ಬಂದು ಮೀಟರಿನ ಕೆಂಪು ಅಂಕಿಗಳನ್ನು ಬಗ್ಗಿ ನೋಡುವವನು ಚಿಂತೆಯ ಷರತ್ತಿನಲ್ಲಿ ಫೇಲಾಗುತ್ತಾನೆ. "ಇವತ್ತು ತಣ್ಣೀರಲ್ಲೇ ಮಾಡ್ದೆ" ಎಂದು ಮೂರು ಜನಕ್ಕೆ ಹೇಳುವವನು ಎರಡನೆಯದರಲ್ಲಿ. ಹೆಮ್ಮೆಯೂ ಒಂದು ಬಗೆಯ ಗೋಳಾಟವೇ, ರಾಗ ಮಾತ್ರ ಬೇರೆ.

ಜೈನರಲ್ಲಿ ಇದರ ಲೆಕ್ಕ ಇನ್ನೂ ಸ್ಪಷ್ಟ. ತತ್ತ್ವಾರ್ಥಸೂತ್ರ ಇಪ್ಪತ್ತೆರಡು ಪರೀಷಹಗಳನ್ನು, ಅಂದರೆ ಸಾಧಕ ಸಹಿಸಬೇಕಾದ ಕಷ್ಟಗಳನ್ನು ಎಣಿಸುತ್ತದೆ. ಹಸಿವು, ಬಾಯಾರಿಕೆ, ಅವುಗಳ ನಂತರ ಮೂರನೆಯದೇ ಚಳಿ. ಹಿಡಿದ ದಾರಿಯಿಂದ ಜಾರದಿರಲು ಮತ್ತು ಕರ್ಮ ಕಳೆಯಲು ಇವನ್ನು ಸಹಿಸಬೇಕು. ಶ್ರವಣಬೆಳಗೊಳ ನಮ್ಮಿಂದ ಎರಡು ಗಂಟೆಯ ದಾರಿ. ಬಟ್ಟೆಯನ್ನೇ ಬಿಟ್ಟ ಮುನಿಗಳಿಗೆ ಈ ಮೂರನೆಯ ಪರೀಷಹ ಏನೆಂದು ಊಹಿಸಬಹುದು. ಆದರೆ ಅದು ಎಲ್ಲವನ್ನೂ ಬಿಟ್ಟು ಹೊರಟವನ ನಿಯಮ. ಮನೆಯಲ್ಲಿರುವ ಶ್ರಾವಕನಿಗೆ ಅಣುವ್ರತಗಳು, ಅಳತೆಗೆ ತಕ್ಕ ಚಿಕ್ಕ ವ್ರತಗಳು. ಮುನಿಯ ವ್ರತವನ್ನು ಸಂಸಾರದ ಮೇಲೆ ಹೇರಬಾರದು ಎನ್ನುವ ಎಚ್ಚರ ಆ ವಿಂಗಡಣೆಯಲ್ಲೇ ಇದೆ.

ರೋಮಿನ ಸೆನೆಕಾನ ವಿಷಯ ನನಗೆ ಇವೆಲ್ಲಕ್ಕಿಂತ ಹೆಚ್ಚು ಖುಷಿ ಕೊಡುತ್ತದೆ. ತನ್ನ ಕಾಲದ ದೊಡ್ಡ ಶ್ರೀಮಂತರಲ್ಲಿ ಒಬ್ಬ. ಗೆಳೆಯ ಲೂಸಿಲಿಯಸ್‌ಗೆ ಡಿಸೆಂಬರಿನಲ್ಲಿ ಬರೆದ ಹದಿನೆಂಟನೆಯ ಪತ್ರದಲ್ಲಿ, ಆಗಾಗ ಕೆಲವು ದಿನ ಒರಟು ಬಟ್ಟೆ ತೊಟ್ಟು ಬಡ ಊಟ ಉಂಡು, ನಾನು ಹೆದರುತ್ತಿದ್ದದ್ದು ಇದಕ್ಕೇನಾ ಎಂದು ತನ್ನನ್ನೇ ಕೇಳಿಕೋ ಎಂದು ಉಪದೇಶಿಸುತ್ತಾನೆ. ಎಂಬತ್ತಮೂರನೆಯ ಪತ್ರದಲ್ಲಿ ತನ್ನ ಸ್ನಾನದ ಕಥೆ ಹೇಳುತ್ತಾನೆ. ತಣ್ಣೀರಿನ ದೊಡ್ಡ ಭಕ್ತನಾಗಿದ್ದ ಆತ ಜನವರಿ ಒಂದನೇ ತಾರೀಕು ವರ್ಗೋ ಕಾಲುವೆಯ ಕೊರೆಯುವ ನೀರಿಗೆ ಧುಮುಕಿ ವರ್ಷ ಆರಂಭಿಸುತ್ತಿದ್ದನಂತೆ. ವಯಸ್ಸಾದ ಮೇಲೆ ಅಲ್ಲಿಂದ ಟೈಬರ್ ನದಿಗೆ ಬಿಡಾರ ಬದಲಿಸಿದೆ, ಈಗ ಮನೆಯ ತೊಟ್ಟಿಗೆ ಬಂದಿದ್ದೇನೆ, ಅದರ ನೀರನ್ನು ಹದ ಮಾಡುವುದು ಸೂರ್ಯ ಎನ್ನುತ್ತಾನೆ. ಎರಡು ಸಾವಿರ ವರ್ಷದ ಹಿಂದೆ ಸೋಲಾರ್ ಸ್ನಾನ! ಆ ಸಾಲುಗಳಲ್ಲಿ ನಾಚಿಕೆಯಿಲ್ಲ, ನಗುವಿದೆ. ಮೈ ಕೇಳಿದ ಹಾಗೆ ನಿಯಮವನ್ನು ಇಳಿಸುತ್ತ ಬಂದ ಮನುಷ್ಯನ ನಗು.

ಈ ಮೂರೂ ಕಡೆ ಒಂದು ಸಂಗತಿ ಸಮಾನವಾಗಿದೆ. ಸಹಿಸು ಎನ್ನುವ ಕ್ರಿಯಾಪದ ಯಾವಾಗಲೂ ಕೇಳುತ್ತಿರುವವನಿಗೇ ಹೇಳಿದ್ದು. ಅರ್ಜುನ ಸಹಿಸಬೇಕು, ಮುನಿ ಸಹಿಸಬೇಕು, ಲೂಸಿಲಿಯಸ್ ಒರಟು ಬಟ್ಟೆ ತೊಡಬೇಕು. ಲೂಸಿಲಿಯಸ್ ತನ್ನ ಮನೆಯವರಿಗೂ ಒರಟು ಬಟ್ಟೆ ತೊಡಿಸಬೇಕೆಂದು ಸೆನೆಕಾ ಬರೆಯುವುದಿಲ್ಲ. ಗೀಸರಿನ ತೊಡಕು ಇರುವುದು ಇಲ್ಲಿ. ಉಪವಾಸವನ್ನು ಒಬ್ಬರೇ ಮಾಡಬಹುದು, ಉಳಿದವರು ಪಕ್ಕದಲ್ಲೇ ಕೂತು ಉಣ್ಣಬಹುದು. ಸ್ವಿಚ್ಚು ಮನೆಗೆಲ್ಲ ಒಂದೇ.

ಅತ್ತೆಗೆ ಎಪ್ಪತ್ತೆರಡು. ಥೈರಾಯ್ಡ್ ಕೊರತೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಆ ಕೊರತೆ ಇದ್ದವರಿಗೆ ಚಳಿ ಉಳಿದವರಿಗಿಂತ ಮೊದಲು ತಟ್ಟುತ್ತದೆ. ಅವರು ಎಂದೂ ಬಾಯಿಬಿಟ್ಟು ಚಳಿ ಎಂದವರಲ್ಲ. ಏನು ಬೇಕು ಎಂದು ಕೇಳಿದರೂ "ನನಗೇನಮ್ಮ, ಹೇಗೋ ನಡೆಯುತ್ತೆ" ಎಂಬ ಉತ್ತರ. ಇದನ್ನು ತ್ಯಾಗ ಎಂದು ಕರೆದು ಹೂವಿನ ಹಾರ ಹಾಕಲು ನನಗೆ ಇಷ್ಟವಿಲ್ಲ. ಹೇಳಿದರೂ ಏನೂ ಆಗದಿದ್ದ ಎಷ್ಟೋ ವರ್ಷಗಳ ನಂತರ ಮಾತು ತಾನಾಗಿ ನಿಂತುಹೋಗಿರುತ್ತದೆ, ಅಷ್ಟೆ.

ಹಿಂದಿನ ಹಂಡೆಯ ಕಾಲ ಎಷ್ಟು ಚೆನ್ನಾಗಿತ್ತು ಎಂದು ಮಾವನವರು ಹೇಳುವಾಗ ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಾರೆ. ನಿಜಕ್ಕೂ ಆ ಏರ್ಪಾಡಿನಲ್ಲಿ ಒಂದು ಚೆಲುವಿತ್ತು. ದೀಪಾವಳಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ನೀರು ತುಂಬಿ ಪೂಜೆ. ಮರುದಿನ ನಸುಕಿನಲ್ಲಿ ಎಲ್ಲರಿಗೂ ಎಣ್ಣೆ ಸ್ನಾನ. ಚಳಿಗಾಲ ಶುರುವಾಯಿತೇ, ಒಲೆ ಉರಿಸಬಹುದೇ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಪಂಚಾಂಗವೇ ಒಲೆ ಹೊತ್ತಿಸುತ್ತಿತ್ತು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುವ ತನಕ ತೆಂಗಿನ ಮಟ್ಟೆ, ಕರಟ, ಜಾಲಿ ಸೌದೆ. ಚಳಿಯಾದವರು ಬಂದು ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮಾವನವರು ಇಷ್ಟು ಹೇಳಿ ನಿಲ್ಲಿಸುತ್ತಾರೆ. ಆಮೇಲೆ ಅತ್ತೆ, ತಲೆ ಎತ್ತದೆ, ಎರಡು ಮಾತು ಸೇರಿಸುತ್ತಾರೆ: ನಾಲ್ಕು ಗಂಟೆಗೆದ್ದು ಆ ಒಲೆ ಊದುತ್ತಿದ್ದವರು ಯಾರು, ಮತ್ತು ಎಲ್ಲರದೂ ಆಗಿ ತಮ್ಮ ಸರದಿ ಬರುವ ಹೊತ್ತಿಗೆ ಹಂಡೆಯ ತಳದಲ್ಲಿ ಎಷ್ಟು ನೀರು ಉಳಿದಿರುತ್ತಿತ್ತು.

ಈ ಸಲದ ಮೋಡದ ವಾರದಲ್ಲಿ ನಾನು ಗಮನಿಸಿದ್ದು ಚಿಕ್ಕ ಸಂಗತಿ. ನಮ್ಮ ಮನೆಯಲ್ಲಿ ಆರೂವರೆಗೆ ದೇವರ ದೀಪ ಹತ್ತುತ್ತದೆ. ಹಚ್ಚುವವರು ಅತ್ತೆ. ಸ್ನಾನ ಮಾಡದೆ ಅವರು ದೇವರ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಎರಡು ದಿನ ದೀಪ ಹತ್ತಿದ್ದು ಹನ್ನೊಂದಕ್ಕೆ. ಮೂರನೆಯ ದಿನ ಹನ್ನೆರಡಕ್ಕೆ. ನಾಲ್ಕನೆಯ ದಿನ "ಮೈ ಸರಿಯಿಲ್ಲ" ಎಂದರು, ದೀಪವೇ ಇಲ್ಲ. ಮೈ ಸರಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಮೋಡ ಸರಿದು ಸೋಲಾರ್ ಸ್ವಲ್ಪವಾದರೂ ಕಾಯಬಹುದೆಂದು ಅವರು ಕಾಯುತ್ತಿದ್ದರು. ಚಳಿಯನ್ನು ಸಹಿಸಿಕೊಳ್ಳುತ್ತಿಲ್ಲ, ಚಳಿಯನ್ನು ತಪ್ಪಿಸಿಕೊಳ್ಳಲು ಐವತ್ತು ವರ್ಷಗಳಿಂದ ತಮ್ಮದಾಗಿದ್ದ ಬೆಳಗಿನ ಹೊತ್ತನ್ನು ಬಿಟ್ಟುಕೊಡುತ್ತಿದ್ದಾರೆ. ಸ್ವಿಚ್ಚು ಒತ್ತದೆ ನಾವು ಉಳಿಸುತ್ತಿದ್ದದ್ದು ಮೂರು ರೂಪಾಯಿ. ಹೋಗುತ್ತಿದ್ದದ್ದಕ್ಕೆ ಮೀಟರು ಇಲ್ಲ. ನಾನು ದೇವರ ದೀಪದ ವಿಷಯದಲ್ಲಿ ದೊಡ್ಡ ಶ್ರದ್ಧೆಯವಳೇನಲ್ಲ. ಆದರೆ ಆ ದೀಪ ಹಚ್ಚುವ ಹೊತ್ತಿನಲ್ಲಿ ಅವರ ಮುಖ ಹೇಗಿರುತ್ತದೆ ಎಂದು ಬಲ್ಲೆ. ದಿನದಲ್ಲಿ ಅವರು ಯಾರ ಕೆಲಸದವರೂ ಅಲ್ಲದ ಹೊತ್ತು ಅದೊಂದೇ.

ಸಂಜೆ ಮಾವನವರಿಗೆ ಹೇಳಿದೆ.

"ಮಾವ, ಅತ್ತೆ ಬೆಳಿಗ್ಗೆ ದೀಪ ಹಚ್ಚಿ ನಾಲ್ಕು ದಿನ ಆಯ್ತು."

ಅವರು ಪೇಪರು ಮಡಚಿದರು. "ಅವಳು ಹೇಳಲಿಲ್ಲವಲ್ಲಮ್ಮ."

"ಯಾರೂ ಕೇಳಲಿಲ್ಲ ಮಾವ."

ಹೇಳಲಿಲ್ಲ, ಕೇಳಲಿಲ್ಲ. ಮನೆಗಳಲ್ಲಿ ನಡೆಯುವ ಅನ್ಯಾಯದ ದೊಡ್ಡ ಪಾಲು ಈ ಎರಡು ಮಾತುಗಳ ನಡುವೆ ಬಿದ್ದಿರುತ್ತದೆ ಎಂದು ನನಗೆ ಅನಿಸುತ್ತದೆ. ಮುಂದೂಡುವ ಆಟದ ಗುಟ್ಟೂ ಇದೇ. ಯಾರು ಮೊದಲು ಚಳಿ ಎನ್ನುತ್ತಾರೋ ಅವರು ಸೋತ ಹಾಗೆ. ಮೈಯಲ್ಲಿ ಕಸುವಿದ್ದವರಿಗೆ ಅದು ಆಟ. ಇಲ್ಲದವರ ಮೈ ಉಳಿದವರಿಗೆ ಥರ್ಮಾಮೀಟರು: ಅವರು ನಡುಗಿ ತೋರಿಸಿದ ಮೇಲೆ, ಓಹೋ, ಈಗ ಚಳಿ ಬಂತು ಎಂದು ಗೊತ್ತಾಗುತ್ತದೆ. ಸ್ವಿಚ್ಚು ಒತ್ತಲು ಯಾರೂ ಅಡ್ಡಿ ಮಾಡಿರಲಿಲ್ಲವಲ್ಲ, ಅತ್ತೆ ತಾವೇ ಒತ್ತಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒತ್ತಬಹುದಿತ್ತು. ಒತ್ತಿದ ಕೂಡಲೇ ಹತ್ತುವ ಆ ಪುಟ್ಟ ಕೆಂಪು ದೀಪ ಹಾಲ್‌ನಲ್ಲಿ ಕೂತವರಿಗೆಲ್ಲ ಕಾಣುತ್ತದೆ.

ಅಣ್ಣನ ಮಗಳು ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಳೆ, ಬಾಡಿಗೆ ಮನೆ. ಅಲ್ಲಿಯ ನಿಯಮವನ್ನು ಅವಳಿಂದ ಕೇಳಿ ತಿಳಿದೆ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ನಡುವೆ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಿಮೆಯಾದರೆ ಮನೆಯ ಮಾಲೀಕ ಒಳಗೆ ಕನಿಷ್ಠ 68 ಇರುವಂತೆ ನೋಡಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಹೊರಗೆ ಸುಮಾರು 13, ಒಳಗೆ 20. ರಾತ್ರಿ ಹೊತ್ತು ಹೊರಗೆ ಎಷ್ಟೇ ಇರಲಿ, ಒಳಗೆ 62ಕ್ಕೆ, ಅಂದರೆ ಸುಮಾರು 17ಕ್ಕೆ ಕಡಿಮೆಯಾಗಬಾರದು. ಬಿಸಿನೀರಂತೂ ವರ್ಷದ 365 ದಿನವೂ 120 ಫ್ಯಾರನ್‌ಹೀಟ್. ಈ ಕಾನೂನಿನಲ್ಲಿ ನನಗೆ ಹಿಡಿಸಿದ್ದು ಅಂಕಿಗಳಲ್ಲ. ಬಾಡಿಗೆದಾರರು ಚಳಿ ಎಂದು ಹೇಳುವ ತನಕ ಕಾಯಬೇಕಿಲ್ಲ ಎನ್ನುವುದು. ಹೇಳುವುದು ಕಷ್ಟ, ಹೇಳಿದವರಿಗೆ ತೊಂದರೆಯಾಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ.

ಮಾವನವರಿಗೆ ಇದನ್ನು ಹೇಳಿದ್ದೇ ತಡ, ಮರುದಿನ ದೇವರಾಜ ಅರಸು ರಸ್ತೆಗೆ ಹೋಗಿ ಗೋಡೆಗೆ ತೂಗುಹಾಕುವ ಥರ್ಮಾಮೀಟರು ತಂದರು. ಮೇಷ್ಟರಿಗೆ ನಿಯಮ ಸಿಕ್ಕರೆ ಅರ್ಧ ನೆಮ್ಮದಿ. ಬೆಳಿಗ್ಗೆ ಆರಕ್ಕೆ 20ರ ಕೆಳಗಿದ್ದರೆ ಗೀಸರ್, ಇಲ್ಲದಿದ್ದರೆ ಇಲ್ಲ. ಮೊದಲ ದಿನ 22 ತೋರಿಸಿತು. ಅತ್ತೆ ಶಾಲು ಹೊದ್ದು ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತಿದ್ದರು. ಮಾವನವರು ಥರ್ಮಾಮೀಟರು ನೋಡಿದರು, ಅವರನ್ನು ನೋಡಿದರು, ಮತ್ತೆ ಥರ್ಮಾಮೀಟರು ನೋಡಿದರು. ಹೋಗಿ ಸ್ವಿಚ್ಚು ಒತ್ತಿದರು. ಬೀದಿಯ ಗುರುತಿಲ್ಲದ ಇಬ್ಬರ ನಡುವೆ ಅಂಕಿ ಬೇಕು. ಮಾಲೀಕನ ಕಣ್ಣಿಗೆ ಬಾಡಿಗೆದಾರ ಬೀಳುವುದೇ ಇಲ್ಲ. ಒಂದೇ ಸೂರಿನಡಿ ಇರುವವರಿಗೆ ಆ ನೆಪವಿಲ್ಲ. 22 ಡಿಗ್ರಿಯಲ್ಲಿ ಯಾರಿಗೆ ಚಳಿಯಾಗುತ್ತದೆ ಎಂದು ಗೋಡೆಯ ಮೇಲಿನ ಪಾದರಸಕ್ಕೆ ತಿಳಿಯುವುದಿಲ್ಲ. ಅದು ಈಗ ಗೋಡೆಯ ಮೇಲೆ ಸುಮ್ಮನೆ ಇದೆ. ಮಾವನವರು ಮಾತ್ರ ತಾವು ತಣ್ಣೀರಲ್ಲೇ ಮೀಯುತ್ತಾರೆ, ಯಾರಿಗೂ ಹೇಳದೆ. ಅವರ ತಿತಿಕ್ಷೆಯ ಬಗ್ಗೆ ಈಗ ನನ್ನದೇನೂ ತಕರಾರಿಲ್ಲ.

ಇಲ್ಲಿಗೆ ಬರಹ ನಿಲ್ಲಬಹುದಿತ್ತು. ಆದರೆ ಸ್ವಿಚ್ಚಿನ ಬಗ್ಗೆ ಇಷ್ಟೆಲ್ಲ ಯೋಚಿಸುವಾಗ, ಮುಂದೂಡಲು ಸ್ವಿಚ್ಚೇ ಇಲ್ಲದವರ ಮಾತು ಬರಲೇಬೇಕು. ಬೆಳಿಗ್ಗೆ ಏಳಕ್ಕೆ ನಮ್ಮ ಮನೆಗೆ ಪಾತ್ರೆ ತೊಳೆಯಲು ಒಬ್ಬ ಹೆಂಗಸು ಬರುತ್ತಾರೆ. ನಮ್ಮದು ಅವರ ಎರಡನೇ ಮನೆ, ಆಮೇಲೆ ಇನ್ನೂ ಮೂರಿವೆ. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಸಿಂಕು. ಅದಕ್ಕೆ ನೀರು ಬರುವುದು ರಾತ್ರಿಯಿಡೀ ಟೆರೇಸಿನ ಮೇಲೆ ಮಂಜಿಗೆ ಮೈಯೊಡ್ಡಿ ಕೂತ ಸಿಂಟೆಕ್ಸಿನಿಂದ. ದಟ್ಟಗಳ್ಳಿಯ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ, ಸೋಲಾರಿನ ಪೈಪು ಬಚ್ಚಲುಗಳಿಗೆ ಹೋಗಿರುತ್ತದೆ, ಕೆಲವೆಡೆ ಅಡುಗೆಮನೆಗೂ ಹೋಗಿರುತ್ತದೆ, ಯುಟಿಲಿಟಿಯ ಸಿಂಕಿಗೆ ಹೋಗಿರುವುದು ಅಪರೂಪ. ಮನೆ ಕಟ್ಟುವಾಗ ಹಾಟ್ ವಾಟರ್ ಪಾಯಿಂಟ್ ಎಲ್ಲೆಲ್ಲಿ ಬೇಕು ಎಂದು ಪ್ಲಂಬರ್ ಕೇಳುತ್ತಾನೆ. ಮನೆಯವರು ಎಣಿಸಿ ಹೇಳುತ್ತಾರೆ. ಯಾರ ಕೈಗೆ ಬಿಸಿನೀರು ಬರಬೇಕು, ಯಾರ ಕೈಗೆ ಬೇಡ ಎನ್ನುವುದು ಆ ಐದು ನಿಮಿಷದಲ್ಲಿ ಗೋಡೆಯೊಳಗೆ ಸೇರಿ, ಮೇಲೆ ಟೈಲ್ಸ್ ಕೂತುಬಿಡುತ್ತದೆ. ಯಾರೂ ಕೆಟ್ಟವರಲ್ಲ. ಆ ಸಿಂಕಿನ ಮುಂದೆ ಯಾರು ನಿಲ್ಲುತ್ತಾರೆ ಎಂದು ಯಾರಿಗೂ ನೆನಪಾಗಿರುವುದಿಲ್ಲ.

ನೀರು ತುಂಬಾ ತಣ್ಣಗಿದೆಯಲ್ಲವೇ ಎಂದು ಒಂದು ದಿನ ಅವರನ್ನು ಕೇಳಿದೆ. ಕೊಬ್ಬರಿ ತುರಿದ ತಟ್ಟೆ ಉಜ್ಜುತ್ತಿದ್ದವರು ಕೈ ನಿಲ್ಲಿಸದೆ ಹೇಳಿದರು: "ಮೊದಲ ನಾಕೈದು ಪಾತ್ರೆ ಅಷ್ಟೇ ಅಕ್ಕ, ಆಮೇಲೆ ಕೈಗೆ ಗೊತ್ತಾಗಲ್ಲ."

ತಿತಿಕ್ಷೆ ಎಂಬ ಪದ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಲ್ಲೆ ಎನ್ನಲು ಬಿಸಿನೀರೇ ಇಲ್ಲದ ಕಡೆ ತಣ್ಣೀರನ್ನು ಸಹಿಸುವುದು ವ್ರತವಲ್ಲ, ಸಂಬಳದ ಭಾಗವೂ ಅಲ್ಲ. ಒಂದೆರಡು ದಿನ ಬಚ್ಚಲಿನಿಂದ ಒಂದು ಬಕೆಟ್ ಬಿಸಿನೀರು ತಂದಿಟ್ಟೆ. ಅವರು ಅದನ್ನು ಜಿಡ್ಡಿನ ಪಾತ್ರೆಗೆ ಬಳಸಿದರು. ಜಿಡ್ಡು ಬೇಗ ಹೋಗುತ್ತದೆ, ಮುಂದಿನ ಮನೆಗೆ ಹೊತ್ತಾಗುವುದಿಲ್ಲ.

ಪ್ಲಂಬರನ್ನು ಕರೆಸಿದೆವು. ಗೋಡೆ ತಟ್ಟಿ ನೋಡಿ, ಎರಡು ಕಡೆ ಟೈಲ್ಸ್ ಒಡೆಯಬೇಕು, ಅಡುಗೆಮನೆಯ ಕಟ್ಟೆ ಕೆಳಗಿನಿಂದ ಪೈಪು ಎಳೆಯಬೇಕು, ಎರಡು ದಿನದ ಕೆಲಸ ಎಂದ. "ಕಟ್ಟುವಾಗಲೇ ಒಂದು ಪಾಯಿಂಟ್ ಬಿಟ್ಟಿದ್ದಿದ್ರೆ ಇದೇನೂ ಬೇಕಿರ್ಲಿಲ್ಲ ಮೇಡಂ." ಮಾವನವರು ಖರ್ಚಿನ ಬಗ್ಗೆ ಏನೂ ಹೇಳಲಿಲ್ಲ. ಇಷ್ಟು ಬಳಸಿದರೆ ಮಿತಿ ದಾಟುತ್ತದೆ ಎಂದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಬೇಡ ಎಂದದ್ದು ಅತ್ತೆ, ಅದೂ ಪೂರ್ತಿ ಬೇಡ ಎಂದಲ್ಲ. ಸಂಕ್ರಾಂತಿ ಹತ್ತಿರ ಬಂತು, ಮನೆಯೆಲ್ಲ ಧೂಳಾಗುತ್ತದೆ, ಸಕ್ಕರೆ ಅಚ್ಚು ಹಾಕಬೇಕು, ಎಳ್ಳು ಹುರಿಯಬೇಕು, ಹಬ್ಬ ಕಳೆದ ಮೇಲೆ ಮಾಡಿಸೋಣ ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಮಾವನವರು ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಆಮೇಲೆ ಮಾವನವರೇ ಎದ್ದು ಯುಟಿಲಿಟಿಯ ಬಾಗಿಲಿಗೆ ಹೋಗಿ, ಹಬ್ಬಕ್ಕೆ ಮೊದಲೋ ಆಮೇಲೋ, ನೀನೇ ಹೇಳಮ್ಮ ಎಂದು ಕೇಳಿದರು.

ಅವರು ಸೀರೆ ಸೆರಗಿಗೆ ಕೈ ಒರೆಸಿಕೊಂಡರು.

"ಮೊದಲೇ ಮಾಡ್ಸಿ ಯಜಮಾನ್ರೆ. ಹಬ್ಬದ ದಿನ ಪಾತ್ರೆ ಜಾಸ್ತಿ ಬೀಳ್ತವೆ."